ಕರೆಯೋಲೆ ಹಂಚಿದ ಅಪ್ಪ, ಕೋರ್ಟ್ ಮೆಟ್ಟಿಲು ಹತ್ತಿದ ನಟ: ಮೊಹಮ್ಮದ್ ಬಕ್ರಿ

ಮನೆಯಲ್ಲಿ ಮಗಳ ಮದುವೆ ನಿಶ್ಚಯವಾದರೆ ಅಪ್ಪನ ತಲೆ ಮೇಲೆ ಮೊದಲು ಬೀಳುವ ಕೆಲಸ ಯಾವುದು ಹೇಳಿ? ಕಾರ್ಡ್ ಹಂಚುವುದು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಕರೆದ ಹಾಗಲ್ಲ. ಖುದ್ದು ಮನೆಗೆ ಹೋಗಿ, ಐದು ನಿಮಿಷ ಕೂತು, ಕಾಫಿ ಕುಡಿದು, 'ಮನೆಮಂದಿಯೆಲ್ಲ ಬರಬೇಕು' ಅಂದರೇನೇ ಕರೆದಂತೆ. ಯಾರ ಮನೆ ತಪ್ಪಿಹೋದರೂ ಮುಂದಿನ ಹತ್ತು ವರ್ಷ ಆ ಮಾತು ಕೇಳಬೇಕು.

ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. ನಜರೇತ್ ಪಟ್ಟಣದ ಪ್ಯಾಲೆಸ್ತೀನಿ ಕುಟುಂಬಗಳಲ್ಲೂ ಪದ್ಧತಿ ಹೀಗೇ ಇದೆ. ಆನ್‌ಮರೀ ಜಾಸಿರ್ ನಿರ್ದೇಶನದ 2017ರ ಚಿತ್ರ 'ವಾಜಿಬ್' ನಡೆಯುವುದೇ ಈ ಕಾರ್ಡ್ ಹಂಚುವ ಒಂದು ದಿನದಲ್ಲಿ. 'ವಾಜಿಬ್' ಅಂದರೆ ಕರ್ತವ್ಯ. ಶಾಲಾ ಮೇಷ್ಟ್ರು ಅಬು ಶಾದಿ ಮಗಳ ಮದುವೆಗೆ ಕರೆಯಲು ಹೊರಟಿದ್ದಾನೆ. ಜೊತೆಗೆ ರೋಮ್‌ನಿಂದ ಬಂದಿರುವ ಆರ್ಕಿಟೆಕ್ಟ್ ಮಗ. ಮಗನಿಗೆ ಊರಿನ ಕಸ, ಟ್ರಾಫಿಕ್, ಅಪ್ಪನ ಹೊಂದಾಣಿಕೆ ಯಾವುದೂ ಸೇರುವುದಿಲ್ಲ. ಅಪ್ಪನಿಗೆ ಮಗನ ಉಡುಪು ಸೇರುವುದಿಲ್ಲ. ಹೃದಯದ ತೊಂದರೆ ಇರುವ ಅಪ್ಪ ಮಗನ ಕಣ್ಣು ತಪ್ಪಿಸಿ ಸಿಗರೇಟು ಸೇದುತ್ತಾನೆ.

ಆ ಅಪ್ಪನ ಪಾತ್ರ ಮಾಡಿದವರು ಮೊಹಮ್ಮದ್ ಬಕ್ರಿ. ಮಗನ ಪಾತ್ರದಲ್ಲಿ ಇರುವುದು ಅವರ ನಿಜವಾದ ಮಗ ಸಾಲೆಹ್ ಬಕ್ರಿ. ದುಬೈ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿಯನ್ನು ಇಬ್ಬರಿಗೂ ಸೇರಿಸಿ ಕೊಟ್ಟರು. ನನಗೆ ಅರೇಬಿಕ್ ಬರುವುದಿಲ್ಲ, ಸಬ್‌ಟೈಟಲ್ ನಂಬಿಯೇ ಸಿನಿಮಾ ನೋಡಿದ್ದು. ಆದರೆ ಕಾರಿನೊಳಗೆ ಅಪ್ಪ ಮಗ ಮಾತು ನಿಲ್ಲಿಸಿ ಆ ಕಡೆ ಒಬ್ಬ, ಈ ಕಡೆ ಒಬ್ಬ ಕಿಟಕಿಯಾಚೆ ನೋಡುತ್ತ ಕೂರುವ ದೃಶ್ಯಗಳಿಗೆ ಸಬ್‌ಟೈಟಲ್ ಬೇಕಾಗಲಿಲ್ಲ. ಇಷ್ಟು ಸಹಜವಾಗಿ ನಟಿಸುವ ಈ ಮನುಷ್ಯ ಯಾರು ಅಂತ ಹುಡುಕುತ್ತ ಹೋದರೆ ಸಿಕ್ಕಿದ್ದು ನಾಟಕ, ಸಿನಿಮಾ, ಸೆನ್ಸಾರ್, ಕೋರ್ಟ್, ಕುಟುಂಬ ಎಲ್ಲವೂ ಬೆರೆತ ನಾಲ್ಕು ದಶಕಗಳ ದೊಡ್ಡ ಕಥೆ.

ಗಲಿಲಾಯದ ಹಳ್ಳಿಯಿಂದ ಟೆಲ್ ಅವೀವ್‌ಗೆ

ಬಕ್ರಿ ಹುಟ್ಟಿದ್ದು 1953ರಲ್ಲಿ, ಉತ್ತರ ಇಸ್ರೇಲ್‌ನ ಗಲಿಲಾಯ ಪ್ರಾಂತ್ಯದ ಬಿಯಿನಾ ಎಂಬ ಹಳ್ಳಿಯಲ್ಲಿ. ಅವರ ಬದುಕು ಅರ್ಥವಾಗಬೇಕಾದರೆ ಈ ಊರಿನ ಸ್ಥಿತಿ ಸ್ವಲ್ಪ ಗೊತ್ತಿರಬೇಕು. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದಾಗ ನಡೆದ ಯುದ್ಧದಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ತೀನಿಯರು ಮನೆಮಠ ಕಳೆದುಕೊಂಡು ನಿರಾಶ್ರಿತರಾದರು. ಹೊಸ ದೇಶದ ಗಡಿಯೊಳಗೆ ಸುಮಾರು ಒಂದೂವರೆ ಲಕ್ಷ ಜನ ಉಳಿದುಕೊಂಡರು. ಅವರಿಗೆ ಇಸ್ರೇಲಿನ ಪೌರತ್ವ ಸಿಕ್ಕಿತು. ಹಾಗಿದ್ದೂ ಅವರ ಊರುಗಳು 1966ರ ತನಕ ಮಿಲಿಟರಿ ಆಡಳಿತದಲ್ಲೇ ಇದ್ದವು. ಪಕ್ಕದ ಊರಿಗೆ ಹೋಗಲೂ ಪರ್ಮಿಟ್ ಬೇಕಿತ್ತು. ಇವತ್ತು ಇಸ್ರೇಲಿನ ಜನಸಂಖ್ಯೆಯಲ್ಲಿ ಐದರಲ್ಲಿ ಒಂದು ಪಾಲು ಈ ಅರಬ್ ಸಮುದಾಯದವರು.

ಅಂದರೆ ಬಕ್ರಿಯವರ ಪಾಸ್‌ಪೋರ್ಟ್ ಇಸ್ರೇಲಿನದು, ಮನೆಮಾತು ಅರೇಬಿಕ್, ಶಾಲೆ ಕಾಲೇಜಿನಲ್ಲಿ ಕಲಿತದ್ದು ಹೀಬ್ರೂ. ಸ್ವಂತ ಗುರುತು ಕೇಳಿದರೆ ಪ್ಯಾಲೆಸ್ತೀನಿ. ಈ ನಾಲ್ಕನ್ನೂ ಒಟ್ಟಿಗೆ ಹೊತ್ತುಕೊಂಡೇ ಅವರು 1973ರಲ್ಲಿ ಟೆಲ್ ಅವೀವ್ ವಿಶ್ವವಿದ್ಯಾಲಯ ಸೇರಿದರು. ಓದಿದ್ದು ನಟನೆ ಮತ್ತು ಅರೇಬಿಕ್ ಸಾಹಿತ್ಯ. ಆಮೇಲೆ ಇಸ್ರೇಲಿನ ರಾಷ್ಟ್ರೀಯ ರಂಗಭೂಮಿ ಹಬೀಮಾದಲ್ಲೂ ಹೈಫಾ ನಗರದ ರಂಗಮಂದಿರದಲ್ಲೂ ರಮಲ್ಲಾದ ಅಲ್ ಕಸಬಾದಲ್ಲೂ ಬಣ್ಣ ಹಚ್ಚಿದರು. ಎತ್ತರದ ಆಳು, ತೀಕ್ಷ್ಣ ಕಣ್ಣು, ಗಡಸು ಧ್ವನಿ. ಹೀಬ್ರೂ ನಾಟಕಕ್ಕೂ ಸೈ, ಅರೇಬಿಕ್ ನಾಟಕಕ್ಕೂ ಸೈ.

ಸಿನಿಮಾಕ್ಕೆ ಕರೆದವರು ಗ್ರೀಕ್-ಫ್ರೆಂಚ್ ನಿರ್ದೇಶಕ ಕೋಸ್ತಾ ಗಾವ್ರಾಸ್. 1983ರ 'ಹನ್ನಾ ಕೆ.' ಚಿತ್ರದಲ್ಲಿ ತನ್ನ ಕುಟುಂಬದ ಮನೆಯನ್ನು ಮರಳಿ ಕೇಳಲು ಬರುವ ಪ್ಯಾಲೆಸ್ತೀನಿ ಯುವಕನ ಪಾತ್ರ. ತಮಾಷೆ ನೋಡಿ, ಆ ಪಾತ್ರದ ಹೆಸರು ಸಲೀಂ ಬಕ್ರಿ. ಮರುವರ್ಷವೇ ಇಸ್ರೇಲಿ ನಿರ್ದೇಶಕ ಉರಿ ಬಾರ್ಬಾಶ್ ಅವರ 'ಬಿಯಾಂಡ್ ದ ವಾಲ್ಸ್' ಬಂತು. ಜೈಲಿನಲ್ಲಿರುವ ಯಹೂದಿ ಕೈದಿಗಳು ಮತ್ತು ಪ್ಯಾಲೆಸ್ತೀನಿ ಕೈದಿಗಳು ಒಬ್ಬರಿಗೊಬ್ಬರು ಶತ್ರುಗಳಾಗಿ ಶುರುವಾಗಿ, ತಮ್ಮನ್ನು ಪರಸ್ಪರ ಎತ್ತಿಕಟ್ಟುತ್ತಿರುವವರು ಯಾರು ಅಂತ ಅರಿತು ಒಟ್ಟಾಗಿ ಉಪವಾಸ ಕೂರುವ ಕಥೆ. ಅರಬ್ ಕೈದಿಗಳ ನಾಯಕ ಇಸ್ಸಾಂ ಆಗಿ ಬಕ್ರಿ. ಮುಷ್ಕರ ಮುರಿಯಲು ಜೈಲಿನ ಅಧಿಕಾರಿ ಒಂದು ಆಮಿಷ ಒಡ್ಡುತ್ತಾನೆ: ಹೆಂಡತಿ, ಮಗು ಗೇಟಿನ ಹತ್ತಿರ ನಿಂತಿದ್ದಾರೆ, ಹೋಗಿ ನೋಡು. ಅವರನ್ನು ದೂರದಿಂದ ಕಣ್ತುಂಬ ನೋಡಿ ಇಸ್ಸಾಂ ಹಿಂದಕ್ಕೆ ತಿರುಗುತ್ತಾನೆ. ಆ ಚಿತ್ರ ವಿದೇಶಿ ಭಾಷಾ ವಿಭಾಗದಲ್ಲಿ ಆಸ್ಕರ್‌ಗೆ ನಾಮನಿರ್ದೇಶನವಾಯಿತು. ಇಸ್ರೇಲಿ ಪ್ರೇಕ್ಷಕರ ಪಾಲಿಗೂ ಬಕ್ರಿ ಸ್ಟಾರ್ ಆದರು.

ಒಬ್ಬನೇ ನಟ, ಒಂದು ಇಡೀ ಊರು

ಸ್ಟಾರ್ ಆದವರು ಸಾಮಾನ್ಯವಾಗಿ ಇನ್ನೂ ದೊಡ್ಡ ಸಿನಿಮಾ ಹುಡುಕುತ್ತಾರೆ. ಬಕ್ರಿ ಹುಡುಕಿದ್ದು ಖಾಲಿ ವೇದಿಕೆ. 1986ರಿಂದ ಅವರು ಆಡುತ್ತ ಬಂದ ಏಕವ್ಯಕ್ತಿ ನಾಟಕಕ್ಕೆ ಆಧಾರ ಎಮಿಲ್ ಹಬೀಬಿಯವರ 1974ರ ಕಾದಂಬರಿ. ಹಬೀಬಿ ಹೈಫಾದವರು. ಲೇಖಕ, ಪತ್ರಿಕಾ ಸಂಪಾದಕ, ಕಮ್ಯುನಿಸ್ಟ್ ಪಕ್ಷದಿಂದ ಇಸ್ರೇಲಿನ ಸಂಸತ್ತಿಗೆ ಆಯ್ಕೆಯಾಗಿದ್ದವರು. 1990ರಲ್ಲಿ ಪ್ಯಾಲೆಸ್ತೀನ್ ವಿಮೋಚನಾ ಸಂಘಟನೆಯ ಪ್ರಶಸ್ತಿ, 1992ರಲ್ಲಿ ಇಸ್ರೇಲ್ ಸರ್ಕಾರದ ಪ್ರಶಸ್ತಿ, ಎರಡನ್ನೂ ಪಡೆದವರು. ಎರಡನ್ನೂ ಯಾಕೆ ತಗೊಂಡಿರಿ ಅಂತ ಎರಡೂ ಕಡೆ ಬೈಸಿಕೊಂಡವರು.

ಕಾದಂಬರಿಯ ನಾಯಕ ಸಯೀದ್‌ನ ಅಡ್ಡಹೆಸರು 'ಮುತಶಾಇಲ್'. ಅರೇಬಿಕ್‌ನಲ್ಲಿ ಆಶಾವಾದಿ, ನಿರಾಶಾವಾದಿ ಎಂಬ ಎರಡು ಪದಗಳನ್ನು ಕೂಡಿಸಿ ಹಬೀಬಿ ಹೊಸೆದ ಪದ. ಕೆಟ್ಟದ್ದಾದರೆ, 'ಸದ್ಯ, ಇದಕ್ಕಿಂತ ಕೆಟ್ಟದ್ದಾಗಲಿಲ್ಲವಲ್ಲ' ಅಂತ ದೇವರಿಗೆ ಕೈ ಮುಗಿಯುವ ಜಾತಿಯವನು. 1948ರಲ್ಲಿ ಅವನ ಜೀವ ಉಳಿದದ್ದೇ ಒಂದು ಕತ್ತೆ ಅಡ್ಡ ಬಂದು ಗುಂಡು ತಿಂದಿದ್ದರಿಂದ! ಬದುಕುಳಿಯಲು ಸರ್ಕಾರದ ಬಾತ್ಮೀದಾರನಾಗುತ್ತಾನೆ. ಅದನ್ನಾದರೂ ಸರಿಯಾಗಿ ಮಾಡುತ್ತಾನಾ, ಅದೂ ಇಲ್ಲ. 1967ರ ಯುದ್ಧದಲ್ಲಿ ಸೋತ ಊರಿನವರು ಮನೆ ಮೇಲೆ ಬಿಳಿ ಬಾವುಟ ಹಾರಿಸಬೇಕು ಅಂತ ರೇಡಿಯೊ ಹೇಳುತ್ತದೆ. ಹೈಫಾದಲ್ಲಿರುವ ಸಯೀದ್ ಯಾವುದಕ್ಕೂ ಇರಲಿ ಅಂತ ಪೊರಕೆ ಕೋಲಿಗೆ ಬಿಳಿ ಬಟ್ಟೆ ಕಟ್ಟಿ ಏರಿಸಿಬಿಡುತ್ತಾನೆ. ಹೈಫಾ ಇಸ್ರೇಲಿನದೇ ಊರು, ಅಲ್ಲಿ ಬಿಳಿ ಬಾವುಟ ಹಾರಿಸಿದರೆ ಅದನ್ನೂ ಆಕ್ರಮಿತ ನೆಲ ಅಂದ ಹಾಗಾಯಿತಲ್ಲ! ಅತಿವಿಧೇಯತೆಯೇ ದೇಶದ್ರೋಹವಾಗಿ ಜೈಲು ಸೇರುತ್ತಾನೆ.

ನಮ್ಮಲ್ಲಿ ಸಿ.ಆರ್. ಸಿಂಹ ಅವರ 'ಟಿಪಿಕಲ್ ಟಿ.ಪಿ. ಕೈಲಾಸಂ' ನೋಡಿದವರಿಗೆ ಏಕವ್ಯಕ್ತಿ ಪ್ರಯೋಗ ಎಷ್ಟು ಕಷ್ಟ ಅಂತ ಗೊತ್ತಿರುತ್ತದೆ. ಸಹನಟ ಇಲ್ಲ, ಸಂಭಾಷಣೆ ಎತ್ತಿಕೊಡುವವರಿಲ್ಲ, ಉಸಿರು ತಗೊಳ್ಳಲು ಬಿಡುವಿಲ್ಲ. ಬಕ್ರಿ ಇದನ್ನು ಅರೇಬಿಕ್‌ನಲ್ಲೂ ಆಡಿದರು, ಹೀಬ್ರೂನಲ್ಲೂ ಆಡಿದರು. ಒಂದೇ ಜೋಕಿಗೆ ಒಂದು ಸಭೆ ತನ್ನನ್ನು ನೋಡಿಕೊಂಡು ನಗುತ್ತದೆ, ಇನ್ನೊಂದು ಸಭೆ ನಗಲು ಹೋಗಿ ಅರ್ಧಕ್ಕೆ ನಿಲ್ಲಿಸುತ್ತದೆ. ಇಬ್ಬರ ಎದುರೂ ನಿಲ್ಲಬೇಕು, ಇಬ್ಬರಿಗೂ ಅದೇ ಮಾತು ಹೇಳಬೇಕು ಎನ್ನುವುದೇ ಅವರ ಹಟ. ಸಯೀದನ ಪಾತ್ರವನ್ನು ಅವರು ದಶಕಗಳ ಕಾಲ ಬಿಡಲಿಲ್ಲ.

ತೆರೆಯ ಮೇಲಿನ ಅಪ್ಪಂದಿರು

ವಯಸ್ಸು ಮಾಗಿದಂತೆ ಬಕ್ರಿಗೆ ಅಪ್ಪನ ಪಾತ್ರಗಳು ಬಂದವು. ಅವರ ಅತ್ಯುತ್ತಮ ಕೆಲಸ ಅಲ್ಲೇ ಇದೆ ಅನ್ನುವುದು ನನ್ನ ಅಭಿಪ್ರಾಯ.

ಮೊದಲು 'ಪ್ರೈವೇಟ್' (2004). ಇಟಲಿಯ ಸವೇರಿಯೊ ಕೊಸ್ತಾಂಜೊ ನಿರ್ದೇಶನ. ಆಕ್ರಮಿತ ಪ್ರದೇಶದ ಒಂದು ಮನೆಗೆ ಇಸ್ರೇಲಿ ಸೈನಿಕರು ನುಗ್ಗಿ ಮಹಡಿಯನ್ನು ವಶಪಡಿಸಿಕೊಳ್ಳುತ್ತಾರೆ. ರಾತ್ರಿಯಾದರೆ ಇಡೀ ಕುಟುಂಬವನ್ನು ಕೆಳಗಿನ ಒಂದೇ ಕೋಣೆಯಲ್ಲಿ ಕೂಡಿಹಾಕುತ್ತಾರೆ. ಹೆಂಡತಿ ಹೊರಟುಹೋಗೋಣ ಅನ್ನುತ್ತಾಳೆ. ಮೇಷ್ಟ್ರಾದ ಗಂಡ ಒಪ್ಪುವುದಿಲ್ಲ. ಕೈ ಎತ್ತುವುದಿಲ್ಲ, ಮನೆಯನ್ನೂ ಬಿಡುವುದಿಲ್ಲ. ಹಾಗಂತ ಸಿನಿಮಾ ಅವನನ್ನು ದೇವರನ್ನಾಗಿ ಮಾಡಿಲ್ಲ. ಅವನ ಹಟಕ್ಕೆ ಮಕ್ಕಳು ತೆರುವ ಬೆಲೆಯನ್ನೂ ತೋರಿಸುತ್ತದೆ. ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಚಿತ್ರಕ್ಕೆ ಅತ್ಯುನ್ನತ 'ಗೋಲ್ಡನ್ ಲೆಪರ್ಡ್', ಬಕ್ರಿಗೆ ಅತ್ಯುತ್ತಮ ನಟ ಪ್ರಶಸ್ತಿ. ಇಟಲಿ ಈ ಚಿತ್ರವನ್ನು ಆಸ್ಕರ್‌ಗೂ ಕಳಿಸಿತ್ತು. ಆದರೆ ಚಿತ್ರದ ಭಾಷೆ ಇಟಾಲಿಯನ್ ಅಲ್ಲ ಎಂಬ ಕಾರಣಕ್ಕೆ ಅಕಾಡೆಮಿ ವಾಪಸ್ ಕಳಿಸಿತು. ಅರೇಬಿಕ್, ಹೀಬ್ರೂ, ಇಂಗ್ಲಿಷ್ ಮಾತಾಡುವ ಇಟಾಲಿಯನ್ ಚಿತ್ರಕ್ಕೆ ಕೂರಲು ಜಾಗವಿರಲಿಲ್ಲ.

ಎರಡನೆಯದು ರಶೀದ್ ಮಶರಾವಿ ನಿರ್ದೇಶನದ 'ಲೈಲಾಸ್ ಬರ್ತ್‌ಡೇ' (2008). ಅಬು ಲೈಲಾ ವೃತ್ತಿಯಲ್ಲಿ ನ್ಯಾಯಾಧೀಶ. ಸರ್ಕಾರದಲ್ಲಿ ಸಂಬಳ ಕೊಡಲು ದುಡ್ಡಿಲ್ಲದ್ದರಿಂದ ರಮಲ್ಲಾದಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ಅವತ್ತು ಮಗಳಿಗೆ ಏಳು ವರ್ಷ ತುಂಬುತ್ತದೆ. ರಾತ್ರಿ ಎಂಟಕ್ಕೆ ಮೊದಲು ಕೇಕ್, ಉಡುಗೊರೆ ಹಿಡಿದು ಮನೆ ಸೇರಬೇಕು. ಅಷ್ಟೇ ಕಥೆ. ಟ್ಯಾಕ್ಸಿಯಲ್ಲಿ ಸಿಗರೇಟು ಸೇದಬಾರದು, ಬಂದೂಕು ತರಬಾರದು, ಚೆಕ್‌ಪಾಯಿಂಟ್ ಕಡೆಗೆ ಬರುವುದಿಲ್ಲ ಅಂತ ಅವನದೇ ಕಾನೂನು. ಕಾನೂನೇ ಇಲ್ಲದ ಊರಿನಲ್ಲಿ ತನ್ನ ನಾಲ್ಕು ಸೀಟಿನೊಳಗಾದರೂ ಕಾನೂನು ನಡೆಯಲಿ ಅನ್ನುವ ಮನುಷ್ಯ. ದಿನವಿಡೀ ಅದುಮಿಟ್ಟ ತಾಳ್ಮೆ ಕೊನೆಗೆ ಒಡೆದು, ಧ್ವನಿವರ್ಧಕ ಹಿಡಿದು ಬೀದಿಗೆ ಬೀದಿಯೇ ಕೇಳುವಂತೆ ಕಿರುಚುತ್ತಾನೆ. ಇಷ್ಟು ಹೊತ್ತು ನಕ್ಕವರಿಗೆ ಅಲ್ಲಿ ಗಂಟಲು ಕಟ್ಟುತ್ತದೆ.

ಮೂರನೆಯದು ಮೊದಲೇ ಹೇಳಿದ 'ವಾಜಿಬ್'. ಅದರಲ್ಲಿ ಒಂದು ಜಗಳ ಇದೆ. ಅಪ್ಪ ಒಬ್ಬ ಇಸ್ರೇಲಿ ಪರಿಚಿತನನ್ನೂ ಮದುವೆಗೆ ಕರೆಯಬೇಕು ಅನ್ನುತ್ತಾನೆ. ಆತ ಶಾಲೆಗಳ ಮೇಲೆ ಕಣ್ಣಿಡಲು ಬರುವ ಗುಪ್ತಚರ, ನಿನ್ನ ಸ್ನೇಹಿತನಲ್ಲ ಅಂತ ಮಗನ ವಾದ. ನಾಳೆ ಹೆಡ್‌ಮಾಸ್ಟರ್ ಆಗಬೇಕು, ಇದೇ ಊರಿನಲ್ಲಿ ಬಾಳಬೇಕು ಅಂತ ಅಪ್ಪನ ವಾದ. ಬಿಟ್ಟುಹೋದವನಿಗೆ ಹೇಳುವುದು ಸುಲಭ, ಉಳಿದವನ ಕಷ್ಟ ಉಳಿದವನಿಗೇ ಗೊತ್ತು. ವಿದೇಶದಲ್ಲಿ ಕೂತು ವರ್ಷಕ್ಕೊಮ್ಮೆ ಊರಿಗೆ ಬಂದು ಅಪ್ಪನಿಗೆ ಬುದ್ಧಿ ಹೇಳುವ ನನ್ನ ವಾರಿಗೆಯ ಎಂಜಿನಿಯರ್‌ಗಳೆಲ್ಲ ಈ ದೃಶ್ಯವನ್ನು ಒಂದು ಸಲ ನೋಡಬೇಕು.

ಇವುಗಳ ನಡುವೆ ಇಟಲಿಯ ತಾವಿಯಾನಿ ಸಹೋದರರ ಚಿತ್ರದಲ್ಲೂ ನಟಿಸಿದರು. ನಮ್ಮಲ್ಲಿ ಅನೇಕರು ನೋಡಿರುವ ಅಮೆರಿಕದ ಸರಣಿ 'ಹೋಮ್‌ಲ್ಯಾಂಡ್'ನ 8ನೇ ಸೀಸನ್‌ನಲ್ಲಿ ಅಫ್ಘಾನಿಸ್ತಾನದ ಜನರಲ್ ಗುಲೋಂ ಆಗಿ ಬಂದವರೂ ಇವರೇ.

54 ನಿಮಿಷದ ಚಿತ್ರ, 20 ವರ್ಷದ ಕೇಸು

ಆದರೆ ಇಸ್ರೇಲಿನಲ್ಲಿ ಬಕ್ರಿ ಹೆಸರು ಹೇಳಿದರೆ ಜನರಿಗೆ ಥಟ್ಟನೆ ನೆನಪಾಗುವುದು ಅವರು ನಟಿಸದ ಒಂದು ಚಿತ್ರ: 'ಜೆನಿನ್, ಜೆನಿನ್'.

2002ರ ಮಾರ್ಚ್ ಕೊನೆಯಲ್ಲಿ ನೆತಾನ್ಯಾದ ಹೋಟೆಲೊಂದರಲ್ಲಿ ಹಬ್ಬದೂಟಕ್ಕೆ ಕೂತಿದ್ದವರ ಮೇಲೆ ಆತ್ಮಾಹುತಿ ದಾಳಿ ನಡೆದು 30 ಜನ ಸತ್ತರು. ಇದರ ಬೆನ್ನಿಗೇ ಇಸ್ರೇಲಿ ಸೇನೆ ಪಶ್ಚಿಮ ದಂಡೆಯ ಊರುಗಳಿಗೆ ನುಗ್ಗಿತು. ಏಪ್ರಿಲ್‌ನಲ್ಲಿ ಜೆನಿನ್ ನಿರಾಶ್ರಿತರ ಶಿಬಿರದಲ್ಲಿ ಘೋರ ಕಾಳಗವಾಯಿತು. ಪತ್ರಕರ್ತರನ್ನು ಒಳಗೆ ಬಿಡಲಿಲ್ಲ. ನೂರಾರು ಜನ ಸತ್ತರು ಅಂತ ಸುದ್ದಿ ಹಬ್ಬಿತು. ಕೊನೆಗೆ ವಿಶ್ವಸಂಸ್ಥೆಯ ವರದಿಯಲ್ಲಿ ಬಂದ ಲೆಕ್ಕ ಕನಿಷ್ಠ 52 ಪ್ಯಾಲೆಸ್ತೀನಿಯರು, 23 ಇಸ್ರೇಲಿ ಸೈನಿಕರು. ಶಿಬಿರದ ನಡುಭಾಗ ಬುಲ್ಡೋಜರ್‌ಗೆ ಸಿಕ್ಕಿ ನೆಲಸಮವಾಗಿತ್ತು.

ಕಾಳಗ ಮುಗಿದ ಮೇಲೆ ಬಕ್ರಿ ಸಣ್ಣ ತಂಡದೊಂದಿಗೆ ಶಿಬಿರದ ಒಳಹೊಕ್ಕರು. ಚಿತ್ರದಲ್ಲಿ ನಿರೂಪಣೆ ಇಲ್ಲ. ಮಾತು ಬಾರದ, ಕಿವಿ ಕೇಳದ ಒಬ್ಬ ಮನುಷ್ಯ ಕೈಸನ್ನೆಯಲ್ಲೇ 'ಇಲ್ಲಿ ಹೀಗಾಯಿತು, ಅಲ್ಲಿ ಹಾಗಾಯಿತು' ಅಂತ ತೋರಿಸುತ್ತ ಅವಶೇಷಗಳ ನಡುವೆ ಓಡುತ್ತಾನೆ. ಮಕ್ಕಳು, ಮುದುಕರು, ಹೆಂಗಸರು ಕ್ಯಾಮೆರಾ ಎದುರು ಮಾತಾಡುತ್ತಾರೆ. ಸೇನೆಯ ಕಡೆಯವರಿಗೆ ಅದರಲ್ಲಿ ಜಾಗವಿಲ್ಲ. ಆ ಕಡೆಯ ಮಾತನ್ನು ಎಲ್ಲರೂ ಕೇಳಿಯಾಗಿದೆ, ನಾನು ಕೇಳಿಸದವರ ಮಾತು ಕೇಳಿಸಲು ಹೋದವನು ಎನ್ನುವುದು ಬಕ್ರಿಯವರ ನಿಲುವು. ನಮ್ಮ ಕಡೆ ಸತ್ತವರ ಸುದ್ದಿಯೇ ಇಲ್ಲ, ಸುಳ್ಳು ಆರೋಪಗಳನ್ನು ಪರೀಕ್ಷಿಸದೆ ತೋರಿಸಿದ್ದಾರೆ ಎನ್ನುವುದು ಅಲ್ಲಿ ಹೋರಾಡಿದ ಸೈನಿಕರ ನೋವು. ಚಿತ್ರದ ನಿರ್ಮಾಣದಲ್ಲಿ ಜೊತೆಗಿದ್ದ ಇಯಾದ್ ಸಮೂದಿ ಚಿತ್ರೀಕರಣ ಮುಗಿಯುವ ಹೊತ್ತಿಗೆ ಇಸ್ರೇಲಿ ಸೈನಿಕರ ಗುಂಡಿಗೆ ಬಲಿಯಾದರು. ಚಿತ್ರವನ್ನು ಅವರಿಗೇ ಅರ್ಪಿಸಲಾಗಿದೆ.

ಮುಂದಿನದು ಓದಿದರೆ ಕೋರ್ಟ್ ಡೈರಿಯಂತೆ ಕಾಣುತ್ತದೆ. 2002ರಲ್ಲಿ ಸೆನ್ಸಾರ್ ಮಂಡಳಿಯಿಂದ ನಿಷೇಧ. 2003ರಲ್ಲಿ ಸುಪ್ರೀಂ ಕೋರ್ಟ್ ನಿಷೇಧ ರದ್ದುಮಾಡಿತು. ಸತ್ಯ ಯಾವುದು ಎಂದು ತೀರ್ಮಾನಿಸುವ ಗುತ್ತಿಗೆ ಸೆನ್ಸಾರ್ ಮಂಡಳಿಗಿಲ್ಲ ಎನ್ನುವುದು ನ್ಯಾಯಮೂರ್ತಿ ಡಾಲಿಯಾ ಡೋರ್ನರ್ ಅವರ ತೀರ್ಪಿನ ಸಾರ. ಆಮೇಲೆ ಐವರು ಸೈನಿಕರು ಮಾನನಷ್ಟ ಮೊಕದ್ದಮೆ ಹೂಡಿದರು. ಚಿತ್ರದಲ್ಲಿ ನಿಮ್ಮನ್ನು ವೈಯಕ್ತಿಕವಾಗಿ ಗುರುತಿಸಿಲ್ಲ ಅಂತ 2008ರಲ್ಲಿ ಕೆಳಗಿನ ಕೋರ್ಟ್, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿದವು. ಮುಗಿಯಿತು ಅಂದುಕೊಳ್ಳುವಾಗ, 2016ರಲ್ಲಿ ಕೆಲವೇ ಸೆಕೆಂಡು ಮುಖ ಕಾಣುವ ಒಬ್ಬ ಸೈನಿಕ ದಾವೆ ಹಾಕಿದ. 2021ರ ಜನವರಿಯಲ್ಲಿ ಲೋದ್ ಜಿಲ್ಲಾ ನ್ಯಾಯಾಲಯ ಅವನ ಪರ ತೀರ್ಪು ಕೊಟ್ಟಿತು: 1,75,000 ಶೆಕೆಲ್ ಪರಿಹಾರ, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 40 ಲಕ್ಷ ರೂಪಾಯಿ. ಜೊತೆಗೆ ಖರ್ಚು 50,000 ಶೆಕೆಲ್. ಇಸ್ರೇಲಿನಲ್ಲಿ ಚಿತ್ರ ಪ್ರದರ್ಶಿಸುವ ಹಾಗಿಲ್ಲ. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು.

2002ರಲ್ಲಿ ಮಾಡಿದ ಒಂದು ಸಾಕ್ಷ್ಯಚಿತ್ರಕ್ಕಾಗಿ 2022ರ ತನಕ ಕೋರ್ಟ್. ಒಂದು ಕಾಲದಲ್ಲಿ ಹಬೀಮಾದಲ್ಲಿ ನಟಿಸಿದವರಿಗೆ ಹೀಬ್ರೂ ರಂಗಭೂಮಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ದೇಶ ಬಿಟ್ಟು ಹೋಗಬಹುದಿತ್ತು, ಇಟಲಿಯಲ್ಲೂ ಫ್ರಾನ್ಸ್‌ನಲ್ಲೂ ಅವರಿಗೆ ಕೆಲಸವಿತ್ತು. ಹೋಗಲಿಲ್ಲ. ಗಲಿಲಾಯದಲ್ಲೇ ಇದ್ದರು.

ಗೋರಿಯ ಪಕ್ಕ ಕೂತು ಆಡಿದ ಮಾತು

ಈ ಗದ್ದಲದ ನಡುವೆ ಅವರು ಮಾಡಿದ ಇನ್ನೊಂದು ಚಿತ್ರದ ಬಗ್ಗೆ ಹೇಳಲೇಬೇಕು. 2005ರ 'ಸಿನ್ಸ್ ಯು ಲೆಫ್ಟ್', ಅಂದರೆ ನೀವು ಹೋದಂದಿನಿಂದ. ಗುರು ಎಮಿಲ್ ಹಬೀಬಿ 1996ರಲ್ಲಿ ತೀರಿಕೊಂಡಿದ್ದರು. ಅವರ ಸಮಾಧಿ ಕಲ್ಲಿನ ಮೇಲೆ ಅವರ ಇಚ್ಛೆಯಂತೆಯೇ 'ಹೈಫಾದಲ್ಲೇ ಉಳಿದವನು' ಎಂಬರ್ಥದ ಬರಹವಿದೆ. ಬಕ್ರಿ ಆ ಗೋರಿಯ ಹತ್ತಿರ ಹೋಗಿ, ಊರಿಂದ ಬಂದ ಶಿಷ್ಯ ಗುರುವಿಗೆ ವರದಿ ಒಪ್ಪಿಸುವಂತೆ, ನೀವು ಹೋದ ಮೇಲೆ ಏನೇನಾಯಿತು ಗೊತ್ತಾ ಅಂತ ಹೇಳುತ್ತ ಹೋಗುತ್ತಾರೆ.

ಅದರಲ್ಲಿ ಬೇರೆಯವರ ಮೇಲಿನ ದೂರು ಮಾತ್ರ ಇದ್ದಿದ್ದರೆ ಇಷ್ಟು ಹೇಳುತ್ತಿರಲಿಲ್ಲ. 2002ರ ಆಗಸ್ಟ್‌ನಲ್ಲಿ ಮೆರೋನ್ ಬಳಿ ಬಸ್ಸಿನ ಮೇಲೆ ಆತ್ಮಾಹುತಿ ದಾಳಿ ನಡೆಯಿತು. ದಾಳಿಕೋರನಿಗೆ ನೆರವಾದ ಆರೋಪದಲ್ಲಿ ಬಂಧನಕ್ಕೊಳಗಾದವರು ಬಕ್ರಿಯವರ ಸ್ವಂತ ಬಂಧುಗಳು. ಮನೆಯ ಹೆಸರೇ ಟಿವಿಯಲ್ಲಿ ಬಿತ್ತರವಾಯಿತು. ಹಿಂಸೆಯಿಂದ ದಾರಿ ಸಿಗುವುದಿಲ್ಲ ಅಂತ ವೇದಿಕೆ ಮೇಲೆ ಜೀವಮಾನವಿಡೀ ಹೇಳಿದವನ ಮನೆಯಂಗಳಕ್ಕೇ ಅದು ಬಂದು ನಿಂತಿತ್ತು. ಬಕ್ರಿ ಅದನ್ನು ಮುಚ್ಚಿಡಲಿಲ್ಲ, ಗುರುವಿನ ಎದುರು, ಕ್ಯಾಮೆರಾ ಎದುರು ಇಟ್ಟರು. ಕೋರ್ಟ್ ಕೇಸುಗಳಿಗಿಂತ ಈ ಧೈರ್ಯವೇ ನನಗೆ ದೊಡ್ಡದಾಗಿ ಕಂಡಿತು.

ಒಂದೇ ಮನೆಯ ಮೂವರು, ಒಂದೇ ಚಿತ್ರ

ಬಕ್ರಿಯವರ ಮಕ್ಕಳಲ್ಲಿ ಸಾಲೆಹ್, ಜಿಯಾದ್, ಆದಂ ಮೂವರೂ ನಟರು. ಸಾಲೆಹ್ 'ದ ಬ್ಯಾಂಡ್ಸ್ ವಿಸಿಟ್' (2007), 'ದ ಟೈಮ್ ದಟ್ ರಿಮೇನ್ಸ್' (2009) ಚಿತ್ರಗಳಿಂದ ಹೆಸರಾದವರು. ಆದಂ ಆಸ್ಕರ್‌ಗೆ ನಾಮನಿರ್ದೇಶನಗೊಂಡ 'ಒಮರ್' (2013) ಚಿತ್ರದ ನಾಯಕ.

ಶೆರಿನ್ ದಾಬಿಸ್ ನಿರ್ದೇಶಿಸಿದ 'ಆಲ್ ದಟ್ಸ್ ಲೆಫ್ಟ್ ಆಫ್ ಯು' 2025ರ ಜನವರಿಯಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಆಮೇಲೆ ಜೋರ್ಡಾನ್ ದೇಶದ ಪರವಾಗಿ ಆಸ್ಕರ್ ಸ್ಪರ್ಧೆಗೂ ಹೋಯಿತು. ಜಾಫಾದಲ್ಲಿ ಕಿತ್ತಳೆ ತೋಟವಿದ್ದ ಒಂದು ಕುಟುಂಬದ ಮೂರು ತಲೆಮಾರಿನ ಕಥೆ. ಇದರಲ್ಲಿ ತೋಟದ ಯಜಮಾನ ಶರೀಫ್‌ನ ಯೌವನದ ಪಾತ್ರ ಆದಂ ಅವರದು, ಮುಪ್ಪಿನ ಪಾತ್ರ ಮೊಹಮ್ಮದ್ ಬಕ್ರಿಯವರದು. ಶರೀಫ್‌ನ ಮಗನಾಗಿ ಸಾಲೆಹ್. ಅಪ್ಪ ಮತ್ತು ಕಿರಿಯ ಮಗ ಸೇರಿ ಒಬ್ಬನೇ ಮನುಷ್ಯನಾಗುತ್ತಾರೆ, ಹಿರಿಯ ಮಗ ಅವರಿಬ್ಬರಿಗೂ ಮಗ. ಮೇಕಪ್ಪಿನಿಂದ ತರಲಾಗದ ಹೋಲಿಕೆ ಅದು. ಕಣ್ಣು, ಹುಬ್ಬು, ತಲೆ ತಿರುಗಿಸುವ ರೀತಿ ಎಲ್ಲ ರಕ್ತದಲ್ಲೇ ಬಂದದ್ದು.

ಅದೇ ವರ್ಷ ಡಿಸೆಂಬರ್ 24ರಂದು, ತಮ್ಮ 72ನೇ ವಯಸ್ಸಿನಲ್ಲಿ, ಹುಟ್ಟೂರಿನಿಂದ ಬಹಳ ದೂರವಿಲ್ಲದ ನಹಾರಿಯಾ ಪಟ್ಟಣದ ಆಸ್ಪತ್ರೆಯಲ್ಲಿ ಬಕ್ರಿ ತೀರಿಕೊಂಡರು.

ಅವರ ಚಿತ್ರಗಳನ್ನು ನೋಡಬೇಕು ಅನ್ನಿಸಿದರೆ 'ವಾಜಿಬ್'ನಿಂದ ಶುರುಮಾಡಿ, ಮನೆಯವರ ಜೊತೆ ಕೂತು ನೋಡಬಹುದು. ಆಮೇಲೆ 'ಲೈಲಾಸ್ ಬರ್ತ್‌ಡೇ'. ಮನಸ್ಸು ಗಟ್ಟಿಯಿದ್ದ ದಿನ 'ಪ್ರೈವೇಟ್'. ಇಸ್ರೇಲ್-ಪ್ಯಾಲೆಸ್ತೀನ್ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಏನೇ ಇರಲಿ, ಅದನ್ನು ಬದಲಾಯಿಸಿಕೊಳ್ಳಿ ಅಂತ ಈ ಚಿತ್ರಗಳು ಕೇಳುವುದಿಲ್ಲ. ಎಂಟು ಗಂಟೆಯೊಳಗೆ ಕೇಕ್ ಹಿಡಿದು ಮನೆ ಸೇರಲು ಒದ್ದಾಡುವ ಒಬ್ಬ ಅಪ್ಪನ ಪಕ್ಕದ ಸೀಟಿನಲ್ಲಿ ಸ್ವಲ್ಪ ಹೊತ್ತು ಕೂತಿರಿ ಅನ್ನುತ್ತವೆ, ಅಷ್ಟೇ.